ತಿಂಡಿ ಹೇಳಿ ಮಾಡಿದ ಪಾಸ್‌ವರ್ಡ್

ಹೆದರಿಕೆ ಅಂದ್ರೆ ಎಂತದು ಅಂತ ಎಪ್ಪತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಹೆದರಿಸೋದು ಗೊತ್ತಿತ್ತು. ಆ ವಿದ್ಯೆಯಲ್ಲಿ ನನ್ನ ಮುಂದೆ ನಿಲ್ಲುವವ ಇಡೀ ನೋಯ್ಡಾದಲ್ಲಿ ಇಲ್ಲ, ಬೇಕಾದ್ರೆ ನಮ್ಮ ಸೊಸೈಟಿಯ ಗೇಟಲ್ಲಿ ಕೂತ ಗಾರ್ಡ್ ಭಯ್ಯಾನನ್ನು ಕೇಳಿ. ನೀರಿನ ಟ್ಯಾಂಕಲ್ಲಿ ಆಮೆ ಬಿದ್ದಿದೆ ಅಂತ ಪಾರ್ಕಲ್ಲಿ ಒಬ್ಬರ ಕಿವಿಗೆ ಊದಿ, ಸಂಜೆಯೊಳಗೆ ಎಲ್ಲಾ ಟವರ್‌ನವರು ಕ್ಯಾನ್ ನೀರು ತರಿಸುವ ಹಾಗೆ ಮಾಡಿದವ ನಾನು. ಆಮೆಗೆ ಏನು ಹೆಸರಿಡೋದು ಅಂತ ಮಕ್ಕಳು ಜಗಳ ಆಡಿದ್ವು. ನನ್ನ ಹೆಂಡತಿ ಮಾತ್ರ ನಲ್ಲಿ ತಿರುಗಿಸಿ ಒಂದು ಲೋಟ ನೀರು ಗಟಗಟ ಕುಡಿದು, "ಆಮೆ ರುಚಿ ಬರ್ಲೇ ಇಲ್ಲ" ಅಂದ್ಲು. ಅವಳು ನನ್ನ ಮಾತು ನಂಬೋದು ಬಿಟ್ಟು ಎಷ್ಟೋ ಕಾಲ ಆಗಿದೆ.

ನಮ್ಮದು ಕುಂದಾಪುರದ ಕಡೆ. ಮೀಸೆ ಬರುವ ಮುಂಚೆ ಅಕ್ಕನ ಗಂಡನ ಹೋಟೆಲಿಗೆ ಅಂತ ದಿಲ್ಲಿಗೆ ಬಂದವ ನಾನು. ಕರೋಲ್ ಬಾಗಲ್ಲಿ ಸಪ್ಲಾಯರ್ ಆಗಿ ಶುರು ಮಾಡಿ, ಆಮೇಲೆ ನೋಯ್ಡಾದಲ್ಲಿ ಸ್ವಂತ ಹೋಟೆಲು ಹಾಕಿ, ಈಗ ಅದನ್ನು ಮಗ ಸೊಸೆಗೆ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಸುಮ್ಮನೆ ಕೂತವನ ಕೈಗೆ ಸಿಕ್ಕಿದವಳು ಮೊಮ್ಮಗಳು. ಕಾಲೇಜಲ್ಲಿ ಕಂಪ್ಯೂಟರ್ ಓದ್ತಾಳೆ. ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಅವಳ ಕನ್ನಡ ಕೆಂಪು ದೀಪ ಕಂಡ ಆಟೋದ ಹಾಗೆ, ಅರ್ಧ ದಾರಿಯಲ್ಲಿ ಹಿಂದಿಯ ಗಲ್ಲಿಗೆ ತಿರುಗಿಬಿಡ್ತದೆ.

ಒಂದು ದಿನ ಲ್ಯಾಪ್‌ಟಾಪ್ ಎದುರಿಗೆ ತಲೆ ಕೆರ್ಕೊಳ್ತಾ ಕೂತಿದ್ಲು. ಕಾಲೇಜಲ್ಲಿ ಒಂದು ಒಗಟು ಕೊಟ್ಟಿದ್ರಂತೆ. ಯಾರಾದ್ರೂ ಒಂದು ಸಾಲು ಹೇಳಿದ್ರೆ, ಆ ಸಾಲಿನಿಂದ ಪಾಸ್‌ವರ್ಡ್ ಹುಟ್ಟಿಸುವ ಪ್ರೋಗ್ರಾಮ್ ಬರೀಬೇಕು.

"ಸಿಂಪಲ್ ಹೈ ಅಜ್ಜ. ಇಂಗ್ಲಿಷಲ್ಲಿ ಬರ್ದು ಪ್ರತಿ ವರ್ಡಿನ ಮೊದಲ ಅಕ್ಷರ ತಗೊಳ್ಳೋದು. ಒಂದು ಚಿಕ್ಕಕ್ಷರ, ಒಂದು ದೊಡ್ಡಕ್ಷರ. ಐ ಬಂದ್ರೆ ಅದರ ಜಾಗಕ್ಕೆ ಒಂದು, ಓ ಬಂದ್ರೆ ಸೊನ್ನೆ. ಲಾಸ್ಟಲ್ಲಿ ಒಟ್ಟು ಎಷ್ಟು ವರ್ಡ್ ಅಂತ ನಂಬರ್. ಪಾಸ್‌ವರ್ಡ್ ಯಾದ್ ಇಡೋದೇ ಬೇಡ. ಸಾಲು ನೆನಪಿದ್ರೆ ಆಯ್ತು, ಪ್ರೋಗ್ರಾಮ್ ಪ್ರತಿಸಲ ಅದೇ ಪಾಸ್‌ವರ್ಡ್ ಕೊಡ್ತದೆ."

"ಅಂದ್ರೆ ಇಡ್ಲಿ ವಡೆ ಅಂದ್ರೂ ಅದೇ, ಇಂದ್ರ ವರುಣ ಅಂದ್ರೂ ಅದೇ?"

ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದ್ಲು. "ಅರೇ, ಹೌದಲ್ಲ!"

"ಎಂತ ಹೌದಲ್ಲ? ಕಾಲೇಜಿಗೆ ಕಟ್ಟಿದ ಫೀಸಲ್ಲಿ ನಾನೊಂದು ಹೊಸ ಗ್ರೈಂಡರ್ ತಗೊಳ್ಳಬಹುದಿತ್ತು. ಕೊನೆ ಅಕ್ಷರವನ್ನೂ ಸೇರಿಸು. ಆಗ ಇಡ್ಲಿ ಬೇರೆ, ಇಂದ್ರ ಬೇರೆ."

ಸೇರಿಸಿದ್ಲು. ಅವಳ ಮೇಡಮ್ಮು ಹೊಗಳಿದ್ರಂತೆ. ಯಾರ ತಲೆ ಅದು? ಆಮೇಲೆ ನಾನು ಲಿಫ್ಟಲ್ಲಿ ಸಿಕ್ಕಿದವರಿಗೆಲ್ಲ, "ಪಾಸ್‌ವರ್ಡ್ ಗಟ್ಟಿ ಮಾಡ್ಬೇಕಾ? ನನ್ನ ಹತ್ರ ಬನ್ನಿ" ಅಂತ ಹೇಳಿಕೊಂಡು ತಿರುಗಿದೆ. ಯಾರೂ ಬರ್ಲಿಲ್ಲ. ನನ್ನ ಹೆಸರು ಆ ತರದ್ದು.

ಕೊನೆಗೆ ಸಿಕ್ಕಿದ್ದು ಹೆಂಡತಿಯ ಫೋನಿನ ಅಕೌಂಟು. ಅವಳಿಗೆ ಪಾಸ್‌ವರ್ಡ್ ನೆನಪಿರೋದಿಲ್ಲ, ಪ್ರತಿಸಲ ಮೊಮ್ಮಗಳು ಹೊಸತು ಮಾಡಿ ಕೊಡ್ಬೇಕು. ಈ ಸಲ ನಾನು ಮಾಡ್ತೇನೆ ಅಂತ ಲ್ಯಾಪ್‌ಟಾಪ್ ಎಳ್ಕೊಂಡೆ. ಎಂತ ಸಾಲು ಹಾಕೋದು? ದೇವರ ಹೆಸರು ಎಲ್ರೂ ಹಾಕ್ತಾರೆ. ನಾನು ಹಾಕಿದ್ದು ತಿಂಡಿ ಹೇಳೋದನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ಬೇಕು. ನಾನು ಸಪ್ಲಾಯರ್ ಆಗಿದ್ದಾಗ ಹೋಟೆಲಲ್ಲಿ ಮೆನು ಕಾರ್ಡು ಇರಲಿಲ್ಲ, ನಾವೇ ಮೆನು. ಗಿರಾಕಿ ಬಂದು ಕೂತು "ಕ್ಯಾ ಹೈ?" ಅಂದ ಕೂಡ್ಲೆ, ಹೆಗಲ ಮೇಲಿನ ಬಟ್ಟೆಯಿಂದ ಟೇಬಲ್ ಒರೆಸ್ತಾ, ಇರುವ ತಿಂಡಿ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿ ಮುಗಿಸ್ಬೇಕು. ನಡುವೆ ಉಸಿರು ತಗೊಂಡ್ರೋ, ಅಲ್ಲೇ ಅವ ಬಾಯಿ ಹಾಕ್ತಾನೆ, "ಪೂರಿಯಲ್ಲಿ ಆಲೂ ಹಾಕ್ತೀರಾ?" ಅಂತ. ಅಲ್ಲಿಗೆ ಲೈನು ತುಂಡು, ಮತ್ತೆ ಇಡ್ಲಿಯಿಂದ ಶುರು. ಕರೋಲ್ ಬಾಗಲ್ಲಿ ನನ್ನಷ್ಟು ವೇಗ ಯಾರಿಗೂ ಇರಲಿಲ್ಲ. ನನ್ನ ಬಾಯಿಂದ ಕಾಫಿ ಚಾಯ್ ಬೀಳುವ ಹೊತ್ತಿಗೆ ಪಕ್ಕದ ಟೇಬಲಿನ ಹುಡುಗ ಇನ್ನೂ ವಡೆಯಲ್ಲಿ ಇರ್ತಿದ್ದ.

ಪಾಸ್‌ವರ್ಡ್ ಗೂಡ್ಸ್ ರೈಲಿನಷ್ಟು ಉದ್ದ ಆಯ್ತು. ಮೊಮ್ಮಗಳು ಆಗ ಮನೆಯಲ್ಲಿ ಇರಲಿಲ್ಲ, ಹೆಂಡತಿ ಇದ್ಲು.

"ಎಂತ ಹಾಕಿದ್ರಿ? ನನಗೂ ಹೇಳಿಡಿ."

"ನಿನಗೆ ಹೇಳಿದ್ರೆ ಇಡೀ ಟವರಿಗೆ ಹೇಳಿದ ಹಾಗೆ."

"ನಿಮಗೆ ಮರ್ತು ಹೋದ್ರೆ?"

"ನನಗಾ? ನನ್ನ ಹೆಸರು ಮರ್ತೇನು, ಇದು ಮರೆಯೋದಿಲ್ಲ."

"ನಿಮ್ಮ ಹೆಸರು ಮರೀಲಿಕ್ಕೆ ನನಗೂ ಆಸೆ ಉಂಟು" ಅಂತ ಹೇಳಿ ಅವಳು ಕೊತ್ತಂಬರಿ ಸೊಪ್ಪು ಬಿಡಿಸ್ಲಿಕ್ಕೆ ಹೋದ್ಲು.

ಇದಾಗಿ ಸ್ವಲ್ಪ ಕಾಲ ಆಗಿರಬಹುದು. ಚಳಿ ಇಳಿದು ಬಾಲ್ಕನಿಯಲ್ಲಿ ಬಿಸಿಲು ಹಿತ ಅನಿಸುವ ಸಮಯ. ಹೆಂಡತಿಯ ತಂಗಿ ಇರೋದು ಘಾಜಿಯಾಬಾದಿನ ವೈಶಾಲಿಯಲ್ಲಿ. ಅಕ್ಕ ತಂಗಿಗೆ ಆಗಾಗ ಮುಖ ನೋಡ್ದೆ ಇದ್ರೆ ಉಂಡದ್ದು ಮೈಗೆ ಹತ್ತೋದಿಲ್ಲ. ಬೆಳಿಗ್ಗೆ ನನಗೆ ತಿಂಡಿ ಬಡಿಸಿ, ಸೀರೆ ಉಟ್ಟು, "ಹೋಗಿ ಬರ್ತೇನೆ, ಅಡುಗೆ ಮಾಡಿಟ್ಟಿದ್ದೇನೆ" ಅಂತ ಹೇಳಿ ಹೊರಟ್ಲು. ಮೆಟ್ರೋ ಹತ್ತೋದು, ಯಮುನಾ ಬ್ಯಾಂಕಲ್ಲಿ ಇಳಿದು ವೈಶಾಲಿಯ ರೈಲು ಹಿಡಿಯೋದು. ಅವಳು ಆ ದಾರಿಯನ್ನು ಕಣ್ಣು ಮುಚ್ಚಿ ಹೋಗ್ತಾಳೆ.

ನಾನು ಬಿಸಿಲಲ್ಲಿ ಕೂತು ಪೇಪರ್ ಓದ್ತಾ ಇದ್ದೆ. ತಂಗಿಯ ಫೋನು ಬಂತು.

"ಭಾವ, ಅಕ್ಕ ಹೊರಡ್ಲಿಲ್ವಾ?"

"ನಿಮ್ಮ ಅಕ್ಕನನ್ನು ಗುಜರಿಯ ಕಬಾಡಿ ಭಯ್ಯಾನಿಗೆ ಕೊಟ್ಟುಬಿಟ್ಟೆ. ತೂಕಕ್ಕೆ ಒಳ್ಳೆ ರೇಟು ಸಿಕ್ತು."

"ತಮಾಷೆ ಬೇಡ ಭಾವ. ಯಾವಾಗ್ಲೋ ಬರ್ಬೇಕಿತ್ತು. ಫೋನ್ ರಿಂಗಾಗ್ತದೆ, ಎತ್ತೋದಿಲ್ಲ. ಸಂಕಷ್ಟಿ ದಿನ, ಖಾಲಿ ಹೊಟ್ಟೆಯಲ್ಲಿ ಬರ್ತಾಳಲ್ಲ ಅಂತ ಆಗಿಂದ ಬಾಗಿಲಲ್ಲೇ ನಿಂತಿದ್ದೇನೆ."

ಸಂಕಷ್ಟಿ ಅಂದದ್ದು ಕಿವಿಗೆ ಬಿತ್ತು. ಪೇಪರ್ ಕೈಯಿಂದ ಜಾರಿತು. ಅಡುಗೆಮನೆಗೆ ಹೋದೆ. ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಅವಳ ಇನ್ಸುಲಿನ್ ಪೆನ್ನು. ಅದರ ಪಕ್ಕ ಹೊಸ ಸೂಜಿಯ ಮುಚ್ಚಳ. ಬೆಳಿಗ್ಗೆ ಚುಚ್ಚಿಕೊಂಡಿದ್ದಾಳೆ.

ಉಪವಾಸ ಮಾಡಿದ್ರೆ ಇನ್ಸುಲಿನ್ ಬೇಡ, ಇನ್ಸುಲಿನ್ ತಗೊಂಡ್ರೆ ಉಪವಾಸ ಬೇಡ ಅಂತ ಡಾಕ್ಟರ್ ಬಡ್ಕೊಂಡಿದ್ರು. ಇವಳ ಲೆಕ್ಕ ಬೇರೆ. ಮದ್ದು ತಪ್ಪಿಸಿದ್ರೆ ಡಾಕ್ಟರಿಗೆ ಸಿಟ್ಟು, ಉಪವಾಸ ತಪ್ಪಿಸಿದ್ರೆ ಗಣಪತಿಗೆ ಸಿಟ್ಟು. ಇಬ್ಬರನ್ನೂ ಸಮಾಧಾನ ಮಾಡಿ ಮೆಟ್ರೋ ಹತ್ತಿದ್ಲು. ಚಂದ್ರ ಕಾಣುವವರೆಗೆ ಬಾಯಿಗೆ ನೀರು ಬಿಟ್ಟು ಬೇರೆ ಹಾಕೋದಿಲ್ಲ ಅವಳು. ಹಿಂದೆ ಒಮ್ಮೆ ಹೀಗೇ ಸಕ್ಕರೆ ಇಳಿದು ಅಡುಗೆಮನೆಯ ನೆಲದಲ್ಲಿ ಕೂತಲ್ಲೇ ಕಣ್ಣು ಮೇಲೆ ಮಾಡಿದ್ಲು. ಬಾಯಿಗೆ ಸಕ್ಕರೆ ನೀರು ಹನಿಸಿ ಎಬ್ಬಿಸಿದ್ವು. ಇನ್ನೂ ಸ್ವಲ್ಪ ತಡ ಆಗಿದ್ರೆ ಕೈ ಮೀರಿ ಹೋಗ್ತಿತ್ತು ಅಂದಿದ್ರು ಡಾಕ್ಟರು. ಆವತ್ತು ಅವಳು ಮನೆಯಲ್ಲಿದ್ಲು. ಇವತ್ತು ಎಲ್ಲಿದ್ದಾಳೆ?

ಫೋನ್ ಮಾಡಿದೆ. ರಿಂಗಾಯ್ತು, ನಿಂತಿತು. ಮತ್ತೆ ಮಾಡಿದೆ. ಎತ್ತಲಿಲ್ಲ.

ಮೊಮ್ಮಗಳು ರೂಮಲ್ಲಿ ಆನ್‌ಲೈನ್ ಕ್ಲಾಸ್ ಕೇಳ್ತಾ ಇದ್ಲು. ಬಾಗಿಲು ದೂಡಿದೆ.

"ಅಜ್ಜಿ ಕಾಣ್ತಾ ಇಲ್ಲ."

ಅವಳು ಕಿವಿಯಿಂದ ಹೆಡ್‌ಫೋನ್ ತೆಗೀಲೂ ಇಲ್ಲ. "ಅಜ್ಜ, ಪ್ಲೀಸ್, ಕ್ಲಾಸ್ ನಡೀತಿದೆ. ಪ್ರ್ಯಾಂಕ್ ಬಾದ್ ಮೇ."

ನಾನು ಇನ್ಸುಲಿನ್ ಪೆನ್ನು ಎತ್ತಿ ತೋರಿಸಿದೆ. "ಇವತ್ತು ಸಂಕಷ್ಟಿ. ಅಜ್ಜಿ ವೈಶಾಲಿಗೆ ಮುಟ್ಲಿಲ್ಲ" ಅಂದೆ. ಪೆನ್ನು ಹಿಡಿದವನ ಮುಖದಲ್ಲಿ ನಗು ಇಲ್ಲದ್ದನ್ನು ಅವಳು ನೋಡಿದ್ಲು. ಹೆಡ್‌ಫೋನ್ ಕಿತ್ತು ಹಾಸಿಗೆಗೆ ಎಸೆದ್ಲು.

ಆ ಮೇಲೆ ಎಲ್ಲವೂ ಅವಳದ್ದೇ. ಅಪ್ಪನಿಗೆ ಫೋನು, ಹೋಟೆಲು ಬಿಟ್ಟು ಹೊರಟಿದ್ದೇನೆ ಅಂದ ಅವ. ಮೆಟ್ರೋದ ಸಹಾಯವಾಣಿಗೆ ಫೋನು. ಅತ್ತ ಕಡೆಯವರು ಸಾವಧಾನವಾಗಿ ಮಾತಾಡಿದ್ರು, ಆದ್ರೆ ಕೇಳಿದ್ದು ಸರಿಯಾಗಿಯೇ ಇತ್ತು. ಯಾವ ರೈಲು? ಈಗ ಯಾವ ಸ್ಟೇಷನ್ನಿನ ಹತ್ರ ಇರಬಹುದು? ರೈಲಲ್ಲಿದ್ದಾರಾ, ಇಳಿದಿದ್ದಾರಾ? ನಮಗೆ ಗೊತ್ತಿದ್ರೆ ಅವರಿಗೆ ಯಾಕೆ ಫೋನ್ ಮಾಡ್ತಿದ್ವು? ಯಮುನಾ ಬ್ಯಾಂಕಲ್ಲೂ ವೈಶಾಲಿಯಲ್ಲೂ ಮೈಕಲ್ಲಿ ಕೂಗಿಸ್ತೇವೆ ಅಂದ್ರು. ಪ್ರಜ್ಞೆ ಇಲ್ಲದವಳಿಗೆ ಮೈಕ್ ಎಲ್ಲಿ ಕೇಳ್ತದೆ ಅಂತ ನಾನು ಬಾಯಿ ಬಿಟ್ಟು ಹೇಳ್ಲಿಲ್ಲ. ಹೇಳಿದ್ರೆ ನಿಜ ಆಗ್ತದೆ ಅಂತ ಅನಿಸಿತು.

"ಅಜ್ಜ, ಫೋನ್ ಎಲ್ಲಿದೆ ಅಂತ ಮ್ಯಾಪಲ್ಲಿ ನೋಡ್ಬಹುದು. ಅಜ್ಜಿಯ ಅಕೌಂಟ್ ನನ್ನ ಲ್ಯಾಪ್‌ಟಾಪಲ್ಲಿ ಮೊದಲೇ ಓಪನ್ ಮಾಡಿದ್ದೆ, ಈಗ ಬರೀ ಪಾಸ್‌ವರ್ಡ್ ಕೇಳ್ತಿದೆ. ಹಳೇದು ಹಾಕಿದ್ರೆ ತಗೊಳ್ತಾ ಇಲ್ಲ. ಯಾರು ಬದ್ಲಿಸಿದ್ದು?"

"ನಾನು."

"ಥ್ಯಾಂಕ್ ಗಾಡ್. ಹೇಳಿ."

"ನಿನ್ನ ಪ್ರೋಗ್ರಾಮ್ ತೆಗಿ. ಸಾಲು ಹೇಳ್ತೇನೆ."

ತೆಗೆದ್ಲು. ಕೀಬೋರ್ಡ್ ಮೇಲೆ ಬೆರಳಿಟ್ಟು ನನ್ನ ಬಾಯಿ ನೋಡಿದ್ಲು. ನಾನು ಬಾಯಿ ತೆರೆದೆ.

"ಇಡ್ಲಿ, ವಡೆ..."

"ಹಾಂ."

"ಇಡ್ಲಿ, ವಡೆ, ಸಾಂಬಾರ್ ವಡೆ... ಉಪ್ಮಾ... ಅಲ್ಲ, ಉಪ್ಮಾ ಆಮೇಲೆ."

"ಅಜ್ಜ, ಇದು ಮೆನು."

"ಮೆನುವೇ. ಬರಿ."

ಹೇಳಿದೆ. ಅವಳು ಒತ್ತಿದ್ಲು, ಪ್ರೋಗ್ರಾಮ್ ಒಂದು ಪಾಸ್‌ವರ್ಡ್ ಕೊಟ್ಟಿತು, ಅದನ್ನು ಹಾಕಿದ್ರೆ ಕೆಂಪಕ್ಷರದಲ್ಲಿ ತಪ್ಪು ಅಂತ ಬಂತು. ಇನ್ನೊಮ್ಮೆ ಹೇಳಿದೆ. ಈ ಸಲ ರವಾ ಇಡ್ಲಿ ನೆನಪಾಯ್ತು, ಆದ್ರೆ ಅದು ದಹಿ ವಡೆಯ ಮೊದಲೋ ಆಮೇಲೋ? ತಪ್ಪು. ಮತ್ತೊಮ್ಮೆ ಹೇಳುವಾಗ ನಡುವೆ ಪನೀರ್ ದೋಸೆ ಅಂದೆ.

"ನಿಮ್ಮ ಟೈಮಲ್ಲಿ ಪನೀರ್ ದೋಸೆ ಇತ್ತಾ?"

ಇರಲಿಲ್ಲ. ಅದು ನನ್ನ ಮಗನ ಹೋಟೆಲಿಂದು. ಚೀಸು, ಶೆಜ್ವಾನು ಅಂತ ಅವ ಸೇರಿಸಿದ್ದೆಲ್ಲ ನನ್ನ ತಲೆಯೊಳಗೆ ಬಂದು ಹಳೇ ತಿಂಡಿಗಳ ಬೆಂಚಲ್ಲಿ ಒತ್ತಿಕೊಂಡು ಕೂತಿತ್ತು. ಒಂದು ತಿಂಡಿ ಹೆಚ್ಚಾದ್ರೂ, ಒಂದು ಹಿಂದೆಮುಂದೆ ಆದ್ರೂ ಪಾಸ್‌ವರ್ಡ್ ಪೂರ್ತಿ ಬೇರೆ. ಮೊದಲಕ್ಷರ ಸಾಲದು, ಕೊನೇ ಅಕ್ಷರವೂ ಬೇಕು ಅಂತ ಗಟ್ಟಿ ಮಾಡಿಸಿದ ಬುದ್ಧಿವಂತ ಯಾರು? ಇಡೀ ಲಿಫ್ಟಿಗೆ ಗೊತ್ತುಂಟು.

"ಅಜ್ಜ, ಇನ್ನೂ ತಪ್ಪು ಹಾಕಿದ್ರೆ ಲಾಕ್ ಆಗ್ಬಹುದು. ಆಮೇಲೆ ನಾಳೆವರೆಗೆ ಬಿಡೋದಿಲ್ಲ. ಹೊಸ ಪಾಸ್‌ವರ್ಡ್ ಮಾಡ್ಲಿಕ್ಕೆ ಕೋಡ್ ಹೋಗೋದು ಅಜ್ಜಿಯ ಫೋನಿಗೇ." ಅವಳ ದನಿ ಸಣ್ಣ ಆಯ್ತು. "ಸೋಚೋ ಅಜ್ಜ. ಪ್ಲೀಸ್ ಸೋಚೋ."

ಯೋಚನೆ ಮಾಡಿದೆ. ಅದೇ ತಪ್ಪಾಗಿದ್ದು. ಬೆರಳು ಮಡಚಿ ಲೆಕ್ಕ ಹಾಕಿದೆ, ಯಾವುದು ಮಡಚಿದ್ದು ಯಾವುದು ಬಿಟ್ಟದ್ದು ಗೊತ್ತಾಗಲಿಲ್ಲ. ಇಡ್ಲಿ ಅಂತೇನೆ, ಕಣ್ಣೆದುರು ರೈಲಿನ ಸೀಟಲ್ಲಿ ಒಂದು ಕಡೆ ವಾಲಿದ ತಲೆ. ವಡೆ ಅಂತೇನೆ, ಬೆವರಿದ ಹಣೆ. ದಿನಕ್ಕೆ ಸಾವಿರ ಸಲ ಹೇಳಿದ ಮಾತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೇನೆ ಅಂತ ಜಂಬ ಕೊಚ್ಚಿದ ಮಾತು, ಒಂದೊಂದೇ ತಿಂಡಿಯಾಗಿ ಬಿಡಿಸಿ ತೆಗೀಲಿಕ್ಕೆ ಹೋದ್ರೆ ಕೈಗೆ ಬರೋದೇ ಇಲ್ಲ. ದೋಸೆಯನ್ನು ಹಂಚಿಂದ ಚೂರು ಚೂರಾಗಿ ಎಬ್ಬಿಸಿದ ಹಾಗೆ. ಎದ್ರೆ ಪೂರ್ತಿ ಏಳ್ಬೇಕು ಅದು.

"ನನಗೆ ಬರ್ತಾ ಇಲ್ಲ ಮಗಾ" ಅಂದೆ.

ಅವಳು ಎಂದೂ ನನ್ನ ಬಾಯಲ್ಲಿ ಆ ಮಾತು ಕೇಳಿದವಳಲ್ಲ. ಎದ್ದು ಹೋಗಿ ಡೈನಿಂಗ್ ಟೇಬಲಿನ ಕುರ್ಚಿ ಎಳ್ದು ಕೂತ್ಲು. ಅಡುಗೆಮನೆಯ ಒರೆಸುವ ಬಟ್ಟೆ ನನ್ನ ಕಡೆ ಎಸೆದ್ಲು.

"ಟೇಬಲ್ ಒರೆಸಿ."

"ಎಂತಕ್ಕೆ?"

"ಗಂದಾ ಹೈ. ಒರೆಸಿ ಅಂದೆ."

ಒರೆಸ್ಲಿಕ್ಕೆ ಬಗ್ಗಿದೆ. ಅವಳು ಕಾಲ ಮೇಲೆ ಕಾಲು ಹಾಕಿ, ದಿಲ್ಲಿಯ ಗಿರಾಕಿಯ ಹಾಗೇ, ನನ್ನ ಮುಖ ಕೂಡ ನೋಡದೆ ಕೇಳಿದ್ಲು, "ಹಾಂ ಭಯ್ಯಾ, ಕ್ಯಾ ಹೈ?"

ನಾನು ಹೇಳಿದ್ದಲ್ಲ ಅದು. ಬಾಯಿ ತಾನೇ ಹೇಳಿತು. "ಇಡ್ಲಿ ವಡೆ ಸಾಂಬಾರ್ ವಡೆ ದಹಿ ವಡೆ ರವಾ ಇಡ್ಲಿ ಪೂರಿ ಬೋಂಡಾ ಬೆಂಚು ಉಪ್ಮಾ ಸಾದಾ ದೋಸೆ ಮಸಾಲಾ ದೋಸೆ ಪೇಪರ್ ದೋಸೆ ಪ್ಯಾಜ್ ಉತ್ತಪ್ಪ ಕಾಫಿ ಚಾಯ್!" ಕೈ ಒರೆಸ್ತಾ ಟೇಬಲಿನ ಆ ತುದಿ ಮುಟ್ಟಿತ್ತು.

ಅವಳು ತೊಡೆ ಮೇಲೆ ಫೋನ್ ಇಟ್ಕೊಂಡು ರೆಕಾರ್ಡ್ ಮಾಡಿದ್ಲು. ಕಳ್ಳಿ. ಓಡಿ ಹೋಗಿ ಅದನ್ನು ನಿಧಾನ ಮಾಡಿ ಕೇಳ್ತಾ ಟೈಪ್ ಮಾಡಿದ್ಲು. ನಡುವೆ ನಿಂತ್ಲು.

"ಅಜ್ಜ... ಬೆಂಚು? ಬೆಂಚು ತಿಂತಾರಾ?"

"ಬರಿ ಅದನ್ನು! ಗಿರಾಕಿ ಕಿವಿಗೊಟ್ಟು ಕೇಳ್ತಾನಾ ಅಂತ ನೋಡ್ಲಿಕ್ಕೆ ನಡುವೆ ಹಾಕ್ತಿದ್ದೆ. ಒಬ್ಬ 'ಏಕ್ ಬೆಂಚ್, ಚಟ್ನಿ ಜ್ಯಾದಾ' ಅಂತ ಆರ್ಡರ್ ಕೂಡ ಮಾಡಿದ್ದ. ಬೇಗ ಬರಿ."

ಅವಳಿಗೆ ನಗು ಬಂತೋ ಅಳು ಬಂತೋ, ಮೂಗು ಒರೆಸ್ಕೊಂಡು ಬೆಂಚು ಬರೆದ್ಲು. ಪಾಸ್‌ವರ್ಡ್ ಬಂತು. ಹಾಕಿದ್ಲು. ಒಂದು ಚಕ್ರ ತಿರುಗಿತು, ತಿರುಗ್ತಾ ಇತ್ತು. ನಾನು ಕುರ್ಚಿಯ ಬೆನ್ನು ಹಿಡ್ಕೊಂಡೆ. ಮ್ಯಾಪು ತೆರೆಯಿತು.

ವೈಶಾಲಿಯ ಹತ್ರ ಏನೂ ಇಲ್ಲ. ಯಮುನಾ ಬ್ಯಾಂಕಲ್ಲೂ ಇಲ್ಲ. ಅವಳು ಮ್ಯಾಪನ್ನು ಎಳೀತಾ ಎಳೀತಾ ಹೋದ್ಲು. ಊರಿನ ಆ ತುದಿಯಲ್ಲಿ, ಉತ್ತಮ್ ನಗರ ದಾಟಿ, ಒಂದು ಹಸಿರು ಚುಕ್ಕೆ. ಚುಕ್ಕೆ ಮುಂದೆ ಹೋಯ್ತು.

"ಅಜ್ಜಿ ಯಮುನಾ ಬ್ಯಾಂಕಲ್ಲಿ ಇಳೀಲೇ ಇಲ್ಲ! ಅದೇ ರೈಲಲ್ಲಿ ದ್ವಾರಕಾ ಕಡೆ ಹೋಗ್ತಾ ಇದ್ದಾರೆ."

ಅಂದ್ರೆ ಬೆಳಿಗ್ಗೆ ಕೂತವಳು ಎದ್ದೇ ಇಲ್ಲ. ಇಡೀ ದಿಲ್ಲಿಯನ್ನು ಅಡ್ಡಕ್ಕೆ ದಾಟಿದ್ದಾಳೆ. ಎಷ್ಟು ಜನ ಹತ್ತಿರಬಹುದು, ಇಳಿದಿರಬಹುದು, ಪಕ್ಕದಲ್ಲಿ ಕೂತಿರಬಹುದು. ಮುದುಕಿ ನಿದ್ದೆ ಮಾಡ್ತಿದ್ದಾಳೆ ಅಂದ್ಕೊಂಡಿರ್ತಾರೆ. ನಾನಾದ್ರೂ ಹಾಗೇ ಅಂದ್ಕೊಳ್ತಿದ್ದೆ.

ಮೊಮ್ಮಗಳು ಮತ್ತೆ ಸಹಾಯವಾಣಿಗೆ ಫೋನ್ ಮಾಡಿದ್ಲು. ಈ ಸಲ ಅವರ ಪ್ರಶ್ನೆಗೆಲ್ಲ ಉತ್ತರ ಇತ್ತು. ದ್ವಾರಕಾ ಕಡೆ ಹೋಗುವ ರೈಲು, ಮುಂದಿನ ಹೆಂಗಸರ ಬೋಗಿ, ನೀಲಿ ಸೀರೆ, ಬಿಳಿ ಕೂದಲು, ಶುಗರ್ ಪೇಷಂಟ್. ಮುಂದಿನ ಸ್ಟೇಷನ್ನಲ್ಲಿ ನೋಡ್ತೇವೆ ಅಂದ್ರು. ಹಸಿರು ಚುಕ್ಕೆ ನಿಂತಿತು. ಅಲ್ಲೇ ನಿಂತಿತ್ತು. ನಾನು ಹೆಂಡತಿಯ ಫೋನಿಗೆ ಒಂದರ ಮೇಲೊಂದು ರಿಂಗ್ ಕೊಡ್ತಾ ಇದ್ದೆ.

ಕೊನೆಗೆ ಯಾರೋ ಎತ್ತಿದ್ರು. ಹೆಂಗಸಿನ ದನಿ, ಅವಳದ್ದಲ್ಲ.

"ಹಲೋ ಅಂಕಲ್, ಸೆಕ್ಯುರಿಟಿಯಿಂದ ಮಾತಾಡ್ತಿದ್ದೇನೆ" ಅಂತ ಹಿಂದಿಯಲ್ಲಿ ಹೇಳಿದ್ರು. "ಆಂಟಿ ಸಿಕ್ಕಿದ್ರು. ಕಣ್ಣು ಬಿಟ್ಟಿದ್ದಾರೆ, ಆದ್ರೆ ಬಹಳ ಬೆವರಿದ್ದಾರೆ. ಅಂಬುಲೆನ್ಸಿಗೆ ಹೇಳಿದ್ದೇವೆ, ಬರ್ಲಿಕ್ಕೆ ಸಮಯ ಬೇಕು. ಜ್ಯೂಸ್ ಕೊಡ್ತಾ ಇದ್ದೇವೆ, ಬಾಯೇ ತೆಗೀತಾ ಇಲ್ಲ. ವ್ರತ ಅಂತೆ."

"ಅವಳ ಕಿವಿಗೆ ಇಡಿ ಫೋನು."

ಉಸಿರಿನ ಸದ್ದು ಕೇಳಿತು. ಆಮೇಲೆ ಭಾರವಾದ ನಾಲಿಗೆಯಲ್ಲಿ, "ಯಾರು?"

"ನಾನು. ಅವರು ಕೊಡುವ ಜ್ಯೂಸ್ ಕುಡಿ."

"ಇವತ್ತು ಸಂಕಷ್ಟಿ. ಚಂದ್ರ ಬರ್ಲಿಲ್ಲ."

"ನಿನ್ನ ಸಕ್ಕರೆ ಇಳಿದಿದೆ ಮಾರಾಯ್ತಿ. ಕುಡೀದಿದ್ರೆ ಜೀವ ಹೋಗ್ತದೆ."

"ಸುಳ್ಳು. ನಿದ್ದೆ ಬರ್ತಿದೆ ಅಷ್ಟೆ."

"ನೀನು ದ್ವಾರಕಾಕ್ಕೆ ಮುಟ್ಟಿದ್ದೀ!"

"ಹೌದು ಹೌದು. ಕೃಷ್ಣನನ್ನು ಕೇಳಿದೆ ಅಂತ ಹೇಳಿ."

"ನಿಜ ಹೇಳ್ತಾ ಇದ್ದೇನೆ. ನನ್ನಾಣೆ."

"ನಿಮ್ಮಾಣೆ..." ಅವಳು ಉಸಿರು ತಗೊಂಡ್ಲು. "ನಿಮ್ಮಾಣೆ ಹಾಕಿ ಹಾಕಿ ಸವೆದು ಹೋಗಿದೆ. ಬಿಡಿ. ಮಲಗ್ತೇನೆ."

ಆ "ಮಲಗ್ತೇನೆ" ಅಂದ್ರೆ ಎಂತ ಅಂತ ನನಗೆ ಗೊತ್ತಿತ್ತು. ಎಂತ ಹೇಳ್ಲಿ ಅವಳಿಗೆ? ಅತ್ತು ಹೇಳಿದ್ರೆ, ಅಳುವ ಹಾಗೆ ಮಾಡಿ ಎಷ್ಟು ಸಲ ಮೋಸ ಮಾಡಿದ್ದೇನೆ. ಬೈದು ಹೇಳಿದ್ರೆ, ಅದೂ ಆಗಿದೆ. ಎದೆನೋವು ಅಂತ ಹೇಳಿದ್ದೂ ಉಂಟು, ಹಪ್ಪಳ ಕೊಡ್ಲಿ ಅಂತ. ನನ್ನ ಹತ್ರ ಇದ್ದ ದನಿಯೆಲ್ಲ ಅವಳಿಗೆ ಗೊತ್ತಿತ್ತು, ಒಂದನ್ನೂ ಅವಳು ನಂಬೋದಿಲ್ಲ. ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ಮೊಮ್ಮಗಳು "ಅಜ್ಜ, ಕುಛ್ ಬೋಲೋ" ಅಂತ ನನ್ನ ತೋಳು ಅಲ್ಲಾಡಿಸಿದ್ಲು. ಆಗಲಿಲ್ಲ.

"ಹಲೋ?" ಅತ್ತ ಕಡೆಯಿಂದ ಅವಳು.

ನಾನು ಸುಮ್ಮನಿದ್ದೆ.

"ಇವ್ರೇ? ಇದ್ದೀರಾ?"

ಸುಮ್ಮನೆ.

"ಯಾಕೆ ಮಾತಾ‌ಡ್ತಾ ಇಲ್ಲ? ಇವ್ರೇ! ಎಂತಾಯ್ತು ನಿಮಗೆ?" ದನಿ ಸ್ವಲ್ಪ ಏರಿತು. ನಿದ್ದೆಯಿಂದ ಎದ್ದ ಹಾಗೆ ಇತ್ತು. "ಅಯ್ಯೋ, ಇವರಿಗೆ ಏನೋ ಆಗಿದೆ, ಇವರು ಸುಮ್ಮನೆ ಕೂರುವ ಜನ ಅಲ್ಲ... ಕೊಡಿ ಇಲ್ಲಿ. ಎಂತದು ಅದು, ಮಾವಿನ ಹಣ್ಣಿಂದಾ? ಕೊಡಿ."

ಪೈಪಲ್ಲಿ ಎಳೆಯುವ ಸದ್ದು. ಜೀವಮಾನದಲ್ಲಿ ಅಂಥ ಸದ್ದು ನಾನು ಕೇಳಿಲ್ಲ.

"ಕುಡಿದೆ. ಕೇಳ್ತಾ? ಕುಡೀತಾ ಇದ್ದೇನೆ. ಈಗಾದ್ರೂ ಮಾತಾಡಿ ಮಾರಾಯ್ರೇ!"

ಮಾತಾಡ್ಲಿಕ್ಕೆ ನನಗೆ ಆಗ್ಲೇ ಇಲ್ಲ. ಮೊಮ್ಮಗಳು ಫೋನ್ ತಗೊಂಡು, "ಅಜ್ಜಿ, ಅಜ್ಜ ಠೀಕ್ ಹೈ, ನೀವು ಪೂರ್ತಿ ಕುಡೀರಿ" ಅಂದ್ಲು. ಎರಡನೇ ಡಬ್ಬಿಯೂ ಖಾಲಿ ಆಯ್ತಂತೆ.

ನಾವು ಕ್ಯಾಬ್ ಮಾಡಿಕೊಂಡು ಹೋಗುವಷ್ಟರಲ್ಲಿ ಅಂಬುಲೆನ್ಸಿನವರು ಬಂದು ಸಕ್ಕರೆ ನೋಡಿ, ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು. ಇಡೀ ದಾರಿ ನಾನು ಕ್ಯಾಬಿನ ಕಿಟಕಿ ಹಿಡ್ಕೊಂಡು ಕೂತಿದ್ದೆ. ಸಿಗ್ನಲ್ಲಲ್ಲಿ ನಿಂತಾಗೆಲ್ಲ, ಆಕೆ ಮತ್ತೆ ಕಣ್ಣು ಮುಚ್ಚಿರಬಹುದು ಅಂತ ಅನಿಸ್ತಿತ್ತು. ಡ್ರೈವರ್ ಭಯ್ಯಾ ಕನ್ನಡಿಯಲ್ಲಿ ನೋಡಿ, "ಅಂಕಲ್, ನೀರು ಬೇಕಾ?" ಅಂತ ಕೇಳಿದ.

ಆಸ್ಪತ್ರೆಯ ಮಂಚದ ಮೇಲೆ ಕೈಗೆ ನಳಿಗೆ ಸಿಕ್ಕಿಸ್ಕೊಂಡು, ಕೂದಲೆಲ್ಲ ಕೆದರಿ ಮಲಗಿದ್ಲು. ಬಣ್ಣ ವಾಪಸ್ ಬಂದಿತ್ತು. ನಮಗಿಂತ ಮೊದಲೇ ಮುಟ್ಟಿದ ಮಗ ಗೋಡೆಗೆ ಒರಗಿ ನಿಂತಿದ್ದ.

ನನ್ನನ್ನು ನೋಡಿದ ಕೂಡ್ಲೆ ಹೇಳಿದ್ಲು, "ನನ್ನ ವ್ರತ ಕೆಡಿಸಿದ್ರಿ. ಗಣಪತಿಗೆ ಉತ್ತರ ನೀವೇ ಕೊಡಿ."

"ಕೊಡ್ತೇನೆ" ಅಂದೆ.

"ಫೋನಲ್ಲಿ ಯಾಕೆ ಸುಮ್ಮನಾದ್ರಿ? ನಾಟಕವಾ?"

ಹೌದು ಅಂತ ಹೇಳ್ಬಹುದಿತ್ತು. ಇಷ್ಟು ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆ ನಾಟಕ ಅದು ಅಂತ ಸೊಸೈಟಿ ತುಂಬ ಹೇಳಿಕೊಂಡು ತಿರುಗಬಹುದಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವಳ ಕೈ ಹಿಡಿದೆ, ನಳಿಗೆ ಇಲ್ಲದ ಕೈ. ಬಿಸಿ ಇತ್ತು. ನನ್ನ ಬೆರಳು ನಡುಗ್ತಾ ಇತ್ತು, ಅದನ್ನು ಅವಳು ನೋಡಿದ್ಲು. ಮತ್ತೆ ಕೇಳ್ಲಿಲ್ಲ.

ಈಗ ಸಂಕಷ್ಟಿಯ ದಿನ ಅವಳಿಗೆ ಉಪವಾಸ ಇಲ್ಲ. ಅವಲಕ್ಕಿ ತಿಂತಾಳೆ, ಡಾಕ್ಟರ್ ಹೇಳಿದಷ್ಟೇ ಮದ್ದು ತಗೊಳ್ತಾಳೆ. ಗಣಪತಿಯ ಹತ್ರ ನಾನು ಮಾತಾಡಿದ್ದೇನೆ ಅಂತ ಹೇಳಿದೆ, ನಂಬಲಿಲ್ಲ. ಪಾಸ್‌ವರ್ಡನ್ನು ಮೊಮ್ಮಗಳು ಬದ್ಲಿಸಿ ಎಲ್ಲರಿಗೂ ಹೇಳಿಟ್ಟಿದ್ದಾಳೆ, ನನ್ನೊಬ್ಬನನ್ನು ಬಿಟ್ಟು.

ಅವಳು ವೈಶಾಲಿಗೆ ಹೋಗೋದನ್ನು ಬಿಟ್ಟಿಲ್ಲ. ಹೊರಟ ಮೇಲೆ ನಾನು ಫೋನ್ ಮಾಡ್ತೇನೆ. ಯಮುನಾ ಬ್ಯಾಂಕಿಗೆ ಮುಟ್ಟುವ ಹೊತ್ತಿಗೆ ಒಮ್ಮೆ, ಇಳಿದು ರೈಲು ಬದ್ಲಿಸುವ ಹೊತ್ತಿಗೆ ಒಮ್ಮೆ. ಅವಳು ಕೂಡ್ಲೆ ಎತ್ತೋದಿಲ್ಲ. ಕೈಯಲ್ಲೇ ಫೋನ್ ಹಿಡ್ಕೊಂಡಿರ್ತಾಳೆ, ನನಗೆ ಗೊತ್ತು, ತಂಗಿಯೇ ಹೇಳಿದ್ದಾಳೆ. ಬೇಕಂತಲೇ ರಿಂಗಾಗ್ಲಿಕ್ಕೆ ಬಿಡ್ತಾಳೆ. ಇನ್ನೇನು ಕಟ್ ಆಗ್ಬೇಕು ಅನ್ನುವಾಗ ಎತ್ತಿ, "ಹೆದರಿದ್ರಾ?" ಅಂತ ಕೇಳ್ತಾಳೆ.

"ಯಾರು, ನಾನಾ?" ಅಂತ ಹೇಳಿ ನಗ್ತೇನೆ. ಬಾಲ್ಕನಿಯ ಕಂಬಿಯನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡಿರ್ತೇನೆ.